ನಡುವಿನ ಬರ್ತಿನ ಪರೀಕ್ಷೆ

ಹೇಳುವ ಕ್ರಮದಲ್ಲಿ ಲೋಪಗಳಿದ್ದರೆ ಓದುಗರು ಕ್ಷಮಿಸಬೇಕು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಪತ್ರಕ್ಕಿಂತ ಉದ್ದವಾದುದನ್ನು ಯಾರೂ ಬರೆದಿರಲಿಲ್ಲ. ಒಂದು ವಾಕ್ಯವನ್ನು ಮೂರು ಸಲ ಓದಿ ನೋಡದೆ ಮುಂದಿನದಕ್ಕೆ ಹೋಗಲು ನನಗೆ ಈಗಲೂ ಧೈರ್ಯ ಬರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಮ್ಮದು ಹಿರೇಕೆರೂರು ತಾಲೂಕಿನಲ್ಲಿ, ಹಂಸಭಾವಿಗೆ ಸಮೀಪದ ಹಳ್ಳಿ. ಅಪ್ಪ ಬಡಿಗರು, ಚಕ್ಕಡಿಯ ಗಾಲಿ ಮಾಡುವುದರಲ್ಲಿ ಅವರ ಕೈ ಪಳಗಿತ್ತು. ಆದರೆ ಟಾಯರಿನ ಗಾಡಿಗಳು ಬಂದಂತೆ ಗಾಲಿಯ ಕೆಲಸ ಕಡಿಮೆಯಾಯಿತು. ನಾನು ಬಿ.ಎಸ್ಸಿ. ಮುಗಿಸಿ ಎರಡು ವರ್ಷಗಳಿಂದ ಅರ್ಜಿ ಹಾಕುತ್ತಲೇ ಇದ್ದೆ. ತಂಗಿ ಏಳನೆಯ ಇಯತ್ತೆ ಪಾಸಾಗಿ ಮನೆಯಲ್ಲಿ ಕುಳಿತಿದ್ದಳು. ಮುಂದೆ ಓದಬೇಕಾದರೆ ಆಕೆ ಹಂಸಭಾವಿಗೆ ಹೋಗಬೇಕಿತ್ತು.

"ಮೊದ್ಲ ಇಂವಂದು ಒಂದು ಕೆಲಸ ಗಟ್ಟಿ ಆಗ್ಲಿ, ಆಮ್ಯಾಲ ಅಕಿನ್ನ ಸಾಲಿಗೆ ಹಚ್ಚೂಣು" ಎಂದು ಅಪ್ಪ ಹೇಳಿಬಿಟ್ಟಿದ್ದರು.

ಆಗ ರೈಲ್ವೆಯಲ್ಲಿ ರಾತ್ರಿ ಪ್ರಯಾಣದ ಬೋಗಿಗಳು ಹೊಸ ರೂಪ ಪಡೆಯುತ್ತಿದ್ದವು. ಬರಿಯ ಹಲಗೆಯ ಬರ್ತುಗಳ ಬದಲು ಮೆತ್ತೆ ಹೊದಿಸಿದ ಬರ್ತುಗಳು ಬರತೊಡಗಿದ್ದವು. ಎಲ್ಲವೂ ನಮ್ಮ ದೇಶದಲ್ಲಿಯೇ ತಯಾರಾದವು. ಅಂಥ ಬೋಗಿಗಳ ತಪಾಸಣಾ ಸಹಾಯಕನ ಹುದ್ದೆಗೆ ಹುಬ್ಬಳ್ಳಿಯಲ್ಲಿ ಸಂದರ್ಶನವಿದೆಯೆಂದು ನನಗೆ ಕಾಗದ ಬಂತು.

ಹೊರಡುವಾಗ ತಂಗಿ ಬಾಗಿಲಿಗೆ ಅಡ್ಡ ನಿಂತಳು. "ಅಣ್ಣಾ, ನೀ ಪಾಸಾದ್ರ ನಾ ಸಾಲಿಗೆ. ನಪಾಸಾಗಿ ಬಂದ್ರ ನಿನ್ನ ಅಂಗಿ ನೀನ ಒಗಕೋ!"

ಅಪ್ಪನೂ ಜೊತೆಗೆ ಬಂದರು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ನಾನು ಇಂಗ್ಲಿಷ್ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದೆ. "ಎಷ್ಟಂತ ವಟಾವಟಾ ಅಂತೀಪಾ? ಶಿಗ್ಗಾಂವಿ ಬಂತು. ಏಳು, ಚಾ ಕುಡಿಯೂಣು" ಎಂದು ಅಪ್ಪ ನನ್ನ ಬಾಯಿ ಮುಚ್ಚಿಸಿದರು.

ಸಂದರ್ಶನದಲ್ಲಿ ರೈಲ್ವೆಯ ಆಧುನೀಕರಣದ ಬಗ್ಗೆ ಕೇಳಿದರು. ನಾನು ಕಲಿತದ್ದನ್ನೆಲ್ಲ ಉಸಿರು ಬಿಡದೆ ಒಪ್ಪಿಸಿದೆ. ಹಿರಿಯ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪುಸ್ತಕದಾಗಿಂದು ನಮಗೂ ಗೊತ್ತೈತ್ರಿ. ಹೊರಗ ಬರ್ರಿ, ಬೋಗಿ ನೋಡೂಣು."

ನಾವು ನಾಲ್ವರು ಅಭ್ಯರ್ಥಿಗಳು ಅವರ ಹಿಂದೆ ಹೊಸ ಬೋಗಿಯೊಂದನ್ನು ಹತ್ತಿದೆವು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅವರು ಮಡಚಿದ್ದ ನಡುವಿನ ಬರ್ತನ್ನು ಎತ್ತಿ ಸರಪಳಿಗೆ ಸಿಕ್ಕಿಸಿದರು. "ಇದರ ಮ್ಯಾಲ ಮಂದಿ ರಾತ್ರಿಯೆಲ್ಲ ಮಲಗ್ತಾರ. ಸರಿ ಐತೋ ಇಲ್ಲೋ ಹೇಳ್ರಿ."

ಅವರು ಕೊಟ್ಟ ನಕ್ಷೆ, ಟೇಪು ಹಿಡಿದು ಎಲ್ಲರೂ ಅಳೆದರು, ಸರಪಳಿ ಜಗ್ಗಿದರು. ನಾನೂ ಅಳೆದೆ. ನಕ್ಷೆಯಲ್ಲಿದ್ದ ಅಳತೆಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಅಪ್ಪ ಮಂಚ ಮಾಡಿದರೆ ತಾವೇ ಅದರ ಮೇಲೆ ಮಲಗಿ ಎರಡೂ ಮಗ್ಗುಲಿಗೆ ಹೊರಳಿ, ಕಿವಿಗೊಟ್ಟು ಕೇಳದೆ ಯಾರಿಗೂ ಒಪ್ಪಿಸುತ್ತಿರಲಿಲ್ಲ. ನಾನು ಬೂಟು ಬಿಚ್ಚಿದೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಹಾಗೆಯೇ ಹತ್ತಿ ಮಲಗಿದೆ.

"ಸಾಹೇಬ್ರ, ಪ್ಯಾಸೆಂಜರ್ ಬಂದಾನ್ರಿ, ತಿಕೀಟು ಕೇಳ್ರಿ!" ಎಂದು ಒಬ್ಬ ಅಭ್ಯರ್ಥಿ ನಕ್ಕ.

ಗೋಡೆಯ ಕಡೆಗೆ ಹೊರಳಿದೆ; ಸದ್ದಿಲ್ಲ. ಹೊರ ಅಂಚಿಗೆ ಹೊರಳಿದಾಗ ತಲೆಯ ಕಡೆಯ ಕೀಲು ಕಿರ್ರೆಂದು ಸದ್ದುಮಾಡಿ, ಬರ್ತು ಒಂದು ನೂಲಿನಷ್ಟು ಕುಸಿಯಿತು. ಇಳಿದು ಆ ಕೀಲನ್ನು ತೋರಿಸಿದೆ. ಪರೀಕ್ಷೆಗಾಗಿ ತಾವೇ ಆ ಬೋಲ್ಟನ್ನು ಸಡಿಲಿಸಿದ್ದಾಗಿ ಅಧಿಕಾರಿ ಹೇಳಿದರು.

"ಹಿಂಗ ನೋಡೂದು ಯಾರು ಕಲಿಸಿದ್ರಿ?"

"ನಮ್ಮಪ್ಪಾರ್ರಿ. ಬಡಿಗರು ಅದಾರ್ರಿ."

ಅವರು ಕೈಯಲ್ಲಿದ್ದ ನನ್ನ ಅರ್ಜಿಯನ್ನು ತಿರುವಿದರು. "ಇಲ್ಲಿ ತಂದೆಯ ಉದ್ಯೋಗ ಒಕ್ಕಲುತನ ಅಂತ ಬರದೀರಲ್ಲ?"

ಬಡಿಗನ ಮಗನೆಂದರೆ ಅಧಿಕಾರಿಗಳು ಹಗುರವಾಗಿ ಕಂಡಾರೆಂದು ನಾನೇ ಹಾಗೆ ಬರೆದಿದ್ದೆ. ನಮಗೆ ಒಂದು ಗೇಣು ಹೊಲವೂ ಇರಲಿಲ್ಲ. ಸುಳ್ಳು ಬರೆದವನ ಅರ್ಜಿ ತಿರಸ್ಕೃತವಾಗುತ್ತದೆಂದು ಅದೇ ಹಾಳೆಯ ಕೆಳಗೆ ಅಚ್ಚಾಗಿತ್ತು. ತಂಗಿಯ ಶಾಲೆಯನ್ನು ನನ್ನ ಕೈಯಾರೆ ತಪ್ಪಿಸಿದೆನೆಂದುಕೊಂಡೆ.

"ನಾಚಿಕಿ ಆಗಿ ಬರದೆ ಸರ್. ತಪ್ಪಾತ್ರಿ."

ಅವರು ಪೆನ್ನು ಮುಂದೆ ಚಾಚಿದರು. "ತಿದ್ದಿ, ಬಾಜೂಕ ಸಹಿ ಮಾಡ್ರಿ. ಉಳಿದದ್ದು ನಾವು ಕೂಡಿ ನೋಡ್ತೇವಿ."

ಗೇಟಿನ ಹೊರಗೆ ಕಾಯುತ್ತಿದ್ದ ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಒಕ್ಕಲುತನದ ಸುಳ್ಳನ್ನೂ ಸಹ. ಅವರು ಟೋಪಿ ಸರಿಮಾಡಿಕೊಂಡು, "ಹೊಲ ಎಲ್ಲಿ ಐತಿ ಅಂತ ನನಗೂ ಒಂದೀಟು ತೋರಸಪಾ" ಎಂದರು. ನಗುತ್ತಿದ್ದಾರೋ ನೊಂದಿದ್ದಾರೋ ನನಗೆ ತಿಳಿಯಲಿಲ್ಲ.

ನೇಮಕದ ಆದೇಶ ಬರಲು ನಾಲ್ಕು ತಿಂಗಳು ಹಿಡಿಯಿತು. ಬಂದ ವರ್ಷವೇ ತಂಗಿ ಹಂಸಭಾವಿಯಲ್ಲಿ ಎಂಟನೆಯ ಇಯತ್ತೆಗೆ ಸೇರಿದಳು. ಎಂಬತ್ತರ ದಶಕದ ಕೊನೆಗೆ ಪದವೀಧರೆಯಾಗಿ, ಸವಣೂರಿನಲ್ಲಿ ಶಿಕ್ಷಕಿಯಾದಳು. ಅಪ್ಪ ಗಾಲಿ ಬಿಟ್ಟು ಬಾಗಿಲು, ಕಿಟಕಿಗಳ ಕೆಲಸಕ್ಕೆ ತಿರುಗಿದರು. ಮುಂದೆ ನಾನು ತುಂಬಿದ ಪ್ರತಿಯೊಂದು ಅರ್ಜಿಯಲ್ಲಿಯೂ ತಂದೆಯ ಉದ್ಯೋಗವೆಂಬಲ್ಲಿ ಬಡಿಗತನವೆಂದೇ ಬರೆದೆ.