ಅಜ್ಜಿಯ ಬಡಗಲು

ಹೊಳಲ್ಕೆರೆಯ ನನ್ನ ಬಾಡಿಗೆ ಮನೆಗೆ ಅಮ್ಮ ಬಂದಿದ್ದಾಳೆ. ಅವಳ ಮಂಚ ಎತ್ತ ಹಾಕುವುದೆಂದು ಮಗಳ ದಿಕ್ಸೂಚಿ ತಂದು ನೆಲದ ಮೇಲಿಟ್ಟೆ. ಮುಳ್ಳು ನಡುಗಿ ನಡುಗಿ ಬಾಗಿಲ ಕಡೆಗೆ ನಿಂತಿತು. ಬಡಗಲು! ಉತ್ತರ ಎನ್ನುವ ಮೊದಲೇ ಬಾಯಿಗೆ ಅಜ್ಜಿಯ ಮಾತು ಬಂತು ನೋಡಿ.

ಉತ್ತರವೆಂದರೆ ಮೇಲಿನದು ಎಂದರ್ಥವಂತೆ; ಹಿಮಾಲಯ ಕಂಡವರು ಇಟ್ಟ ಹೆಸರಿರಬೇಕು. ನಮ್ಮಜ್ಜಿ ಕಂಡದ್ದು ಹಿರೇಗುಂಟನೂರಿನ ಹತ್ತಿರದ ಹಟ್ಟಿ, ಒಂದಷ್ಟು ಕುರಿ. ಅವಳ ಮೂಡಲಲ್ಲಿ ಸೂರ್ಯ ಮೂಡುತ್ತಿದ್ದ, ಪಡುವಲಲ್ಲಿ ಪಡುತ್ತಿದ್ದ, ಎಂದರೆ ಮುಳುಗುತ್ತಿದ್ದ. ಬಡಗಲಿಗೆ ಮಾತ್ರ ಅಂಥ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ. ನೀಲಗಿರಿಯ ಬಡಗ ಜನರಿಗೆ, ಬಡಗಲಿಂದ ಬಂದವರೆಂದೇ ಆ ಹೆಸರಂತೆ. ಬಿಡಿ, ನನ್ನ ಪಾಂಡಿತ್ಯ ಅಷ್ಟಕ್ಕೇ ಮುಗಿಯಿತು.

ತೊಂಬತ್ತರ ದಶಕದಲ್ಲಿ ಅಪ್ಪ ಚಿಕ್ಕಜಾಜೂರಿನಲ್ಲಿ ಗೂಡ್ಸ್ ಗಾಡಿಯ ಗಾರ್ಡ್. ಅಜ್ಜಿಯನ್ನು ಕ್ವಾರ್ಟರ್ಸಿಗೆ ಕರೆತಂದ. ಬಂದವಳಿಗೆ ನಿದ್ದೆಯೇ ಇಲ್ಲ. "ನನ್ನ ಹಟ್ಟಿಗೆ ಕಳ್ಸಿಬಿಡಪ್ಪ" ಎಂದು ದಿನಾ ಒಂದೇ ಹಟ. ಆಷಾಢದ ಮೋಡ, ಸೂರ್ಯನ ಸುಳಿವಿಲ್ಲ. ಹಟ್ಟಿಯ ಮನೆಗೆ ಮೂಡಲ ಬಾಗಿಲು. ಹಾಗಾಗಿ ಇಲ್ಲಿಯೂ ಬಾಗಿಲಿರುವುದೇ ಮೂಡಲು ಎಂದು ನಂಬಿ, ಒಂದು ದಿನ ಆ ಕಡೆ ತಲೆಯಿಟ್ಟು ಮಲಗಿದಳು. ಗೊರಕೆ ಕೇಳಿತು! ಅಂದಿನಿಂದ ಹಟ್ಟಿಯ ಮಾತೇ ನಿಂತುಹೋಯಿತು.

ಮೋಡ ಸರಿದ ಬೆಳಿಗ್ಗೆ ಬಿಸಿಲು ಅಡುಗೆಮನೆಯ ಕಿಟಕಿಯಿಂದ ಬಂತು. ಅಜ್ಜಿ ಕಾಫಿ ಲೋಟ ಕೆಳಗಿಟ್ಟು ಅಮ್ಮನನ್ನು ಕೂಗಿದಳು.

"ಅಯ್ಯೋ, ಸೂರ್ಯ ಈ ಕಡೆ ಅವ್ನಲ್ಲೇ! ಇಷ್ಟು ದಿನ ಬಡಗ್ಲಿಗೆ ತಲೆ ಹಾಕಿ ಮಲಗಿದ್ನಲ್ಲೇ! ನನ್ನ ಮಗ ಗಾಡಿ ಮ್ಯಾಲವ್ನೆ!"

ಹಾಗೆ ಮಲಗಿದರೆ ಮನೆಯವರಿಗೆ ಕೇಡು ಎಂಬುದು ಅವಳ ನಂಬಿಕೆ. ಸಂಜೆಯವರೆಗೂ ಊಟ ಮುಟ್ಟದೆ ಬಾಗಿಲಲ್ಲೇ ಕುಳಿತಳು. ಅಪ್ಪ ಬಂದ ಕೂಡಲೇ ಅವನ ತಲೆ, ಭುಜ ಸವರಿದಳು. "ನಂಗೇನಾಗೈತೆ ಬಿಡವ್ವ" ಎಂದು ಅವನು ನಕ್ಕ. ಆದರೂ ಹಾಸಿಗೆ ತಿರುಗಿತು, ನಿದ್ದೆ ಮತ್ತೆ ಹೋಯಿತು. ವಾರದೊಳಗೆ ಅಜ್ಜಿ ಹಟ್ಟಿಗೆ ಹೊರಟೇಬಿಟ್ಟಳು.

ಈಗ ಅಮ್ಮ ದಿಕ್ಸೂಚಿಯನ್ನು ನೋಡುತ್ತಾ ಹೇಳಿದಳು: "ಆ ಕ್ವಾರ್ಟರ್ಸ್ ಬಾಗ್ಲು ಬಡಗ್ಲು ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣಪ್ಪ."

"ಮತ್ತೆ ಅಜ್ಜಿಗೆ ಯಾಕೆ ಹೇಳ್ಲಿಲ್ಲ?"

"ಪಾಪ, ಅಷ್ಟು ದಿನದ ಮೇಲೆ ನಿದ್ದೆ ಮಾಡಿದ್ರು, ಹೆಂಗೆ ಎಬ್ಬಿಸ್ಲಿ? ನಂಗೂ ಭಯಾನೇ. ನಿಮ್ಮಪ್ಪ ಡ್ಯೂಟಿಗೆ ಹೋದಾಗೆಲ್ಲ ದೇವ್ರಿಗೆ ಇನ್ನೊಂದು ದೀಪ ಹೆಚ್ಗೆ ಹಚ್ತಿದ್ದೆ."

ಅತ್ತೆಯ ನಿದ್ದೆಗಾಗಿ ಆ ಹೆದರಿಕೆಯನ್ನೆಲ್ಲ ಇವಳೊಬ್ಬಳೇ ಹೊತ್ತಿದ್ದಳು, ನಮಗೆ ಯಾರಿಗೂ ತಿಳಿಯಲೇ ಇಲ್ಲ.

"ಗಾಳಿ ಬಾಗ್ಲ ಕಡೆಯಿಂದ ಬರ್ತೈತೆ, ಅತ್ಲಾಗೇ ದಿಂಬು ಹಾಕು" ಎಂದಳು ಅಮ್ಮ.

ಹಾಕಿದೆ. ಆಮೇಲೆ ದೇವರ ಮುಂದೆ ಹೋಗಿ ಇನ್ನೊಂದು ದೀಪ ಹಚ್ಚಿದೆ.