ಬಿಂದುಮಾಧವರು ಬರೆದ ನೃತ್ಯಸಂಹಿತೆ

ಧಾರವಾಡದ ಬಿಂದುಮಾಧವ ಇನಾಮದಾರರು ಗೋವಾದ ವಾಸ್ಕೊದ ಹಡಗು ಕಂಪನಿಯೊಂದರಲ್ಲಿ ಹೆಡ್ ಕ್ಲಾರ್ಕ್. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವರು ಕಚೇರಿಯ ಪೆನ್ನೊಂದನ್ನು ಮನೆಗೆ ತಂದದ್ದು ಒಂದೇ ಸಲ, ಅದೂ ಕಿವಿಯ ಮೇಲೆ ಮರೆತು. ಮರುದಿನ ಕ್ಷಮಾಪಣೆ ಪತ್ರದೊಂದಿಗೆ ಅದನ್ನು ಹಿಂದಿರುಗಿಸಿದರು. ಪತ್ರವನ್ನು ಸ್ವಂತ ಪೆನ್ನಿನಲ್ಲಿ ಬರೆದಿದ್ದರು ಎಂದು ಬೇರೆ ಹೇಳಬೇಕಿಲ್ಲ.

ಇಂಥ ಮಹಾನುಭಾವರ ತಲೆಯ ಮೇಲೆ ೨೦೦೭ರ ಆಗಸ್ಟಿನಲ್ಲಿ ಭರತನಾಟ್ಯ ಬಂದು ಕೂತಿತು.

ಊರಿನ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಮಕ್ಕಳ ನೃತ್ಯಸ್ಪರ್ಧೆ ನಡೆಸುತ್ತಿತ್ತು. ಹಿಂದಿನ ವರ್ಷ ಹೊಸಬರ ವಿಭಾಗದಲ್ಲಿ ಒಂದು ಕೂಸು ಪ್ರೇಕ್ಷಕರಿಗೆ ಬೆನ್ನು ಹಾಕಿ ಕುಣಿದಿತ್ತು, ಇನ್ನೊಂದು ಅತ್ತು ಅಮ್ಮನನ್ನು ಕರೆದಿತ್ತು, ಬಹುಮಾನ ಅಧ್ಯಕ್ಷ ಪವಮಾನಾಚಾರ್ಯರ ಮೊಮ್ಮಗಳಿಗೆ ಹೋಗಿತ್ತು. ಆ ಮೇಲೆ ನಡೆದ ಮಾತಿನ ಕುರುಕ್ಷೇತ್ರದಿಂದಾಗಿ ಎರಡು ಕುಟುಂಬಗಳು ಇವತ್ತಿಗೂ ಪರಸ್ಪರ ಮುಖ ನೋಡುವುದಿಲ್ಲ. ಆದ್ದರಿಂದ ಹೊಸಬರಿಗೆ ಕನಿಷ್ಠ ಏನು ಬರಲೇಬೇಕು ಎಂದು ನಿಯಮ ಬರೆಯಬೇಕೆಂದು ಸಭೆ ನಿರ್ಧರಿಸಿತು. ಸಭೆಗೆ ಬಾರದವರಿಗೆ ಕೆಲಸ ಅಂಟಿಸುವುದು ಸಂಘದ ಸಂಪ್ರದಾಯ. ಬಿಂದುಮಾಧವರು ಆ ಹೊತ್ತಿಗೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದರು.

ನೃತ್ಯದ ಗಂಧವಿಲ್ಲದಿದ್ದರೂ ಅವರು ಹೆದರಿದ್ದು ಅದಕ್ಕಲ್ಲ. ಅವರ ಎಂಟು ವರ್ಷದ ಮಗಳು ಸುಮೇಧಾ ಈ ಸಲ ಮೊದಲ ಬಾರಿಗೆ ಸ್ಪರ್ಧೆಗೆ ನಿಲ್ಲುವವಳಿದ್ದಳು. ಹೆಂಡತಿ ಮಂದಾಕಿನಿ ಮದುವೆಗೆ ಮುಂಚೆ ನಾಲ್ಕು ವರ್ಷ ಕಲಿತದ್ದನ್ನು ಮನೆಯಲ್ಲೇ ಮಗಳಿಗೆ ಕಲಿಸುತ್ತಿದ್ದಳು. ಅಪ್ಪ ನಿಯಮ ಬರೆದು ಮಗಳು ಗೆದ್ದರೆ ಊರು ಏನೆಂದೀತು? ಮನೆಯಲ್ಲಿ ಈ ಬಗ್ಗೆ ಬಾಯಿ ಬಿಡುವುದಿಲ್ಲ ಎಂದು ವ್ರತ ಹಿಡಿದರು.

"ಏನ್ ಬರೀಲಿಕ್ಹತ್ತೀರಿ? ನನಗಷ್ಟು ತೋರಸ್ರಿ" ಎಂದಳು ಮಂದಾಕಿನಿ.

"ಎಲ್ಲಾರಿಗೂ ಗೊತ್ತಾದಾಗ ನಿನಗೂ ಗೊತ್ತಾಗ್ತದ."

"ಅಬ್ಬಬ್ಬಾ! ಅಣುಬಾಂಬಿನ ಗುಟ್ಟು ನೋಡ್ರಿ ಇದು!"

ಬಿಂದುಮಾಧವರು ಧಾರವಾಡದ ಗುರುಗಳೊಬ್ಬರಿಗೆ ಕಾಗದ ಬರೆದು ಪಾಠಪಟ್ಟಿ ತರಿಸಿಕೊಂಡರು. ಕಚೇರಿಯ ಕಡತದ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿ, ಮಂಡಿಗಳನ್ನು ಹೊರಕ್ಕೆ ತಿರುಗಿಸಿ ಅರ್ಧ ಕೂತು ಸ್ವತಃ ಪರೀಕ್ಷೆ ಮಾಡಿದರು. ಈ ಭಂಗಿಗೆ ಅರಮಂಡಿ ಎಂದು ಹೆಸರು. ಹನ್ನೊಂದು ಎಣಿಸುವಷ್ಟರಲ್ಲಿ ತೊಡೆ ನಡುಗಿ, ೧೯೯೮ರ ಕಡತಗಳ ಮೇಲೆ ಒರಗಿದರು. ಕಡೆಗೆ ಅವರ ಸಂಹಿತೆ ಸಿದ್ಧವಾಯಿತು. ತಟ್ಟಡವು, ಅಂದರೆ ಪಾದವೆತ್ತಿ ನೆಲಕ್ಕೆ ತಟ್ಟುವ ಮೊದಲ ಪಾಠ, ಮೂರು ಕಾಲದಲ್ಲಿ ಬರಬೇಕು: ನಿಧಾನ, ಅದರ ದುಪ್ಪಟ್ಟು, ಅದರದೂ ದುಪ್ಪಟ್ಟು. ಮೂರನೇ ಕಾಲದಲ್ಲಿ ಅರಮಂಡಿ ಬಿಟ್ಟು ಎದ್ದುನಿಂತವರು ಹೊರಗೆ.

ಹನ್ನೆರಡು ಮಕ್ಕಳು ಹೆಸರು ಕೊಟ್ಟಿದ್ದರು. ಸ್ಪರ್ಧೆಗೆ ಸರಿಯಾಗಿ ಐದು ವಾರ ಮೊದಲು, ಒಂದೇ ದಿನ, ಒಂದೇ ಅಂಚೆಡಬ್ಬಿಯಲ್ಲಿ ಅವರು ಪ್ರತಿಗಳನ್ನು ಹಾಕಿದರು. ಯಾರಿಗೂ ಒಂದು ಗಂಟೆ ಮೊದಲು ಸಿಗಬಾರದು! ಆ ದಿನ ಮನೆಗೆ ಬಂದು ನೆಮ್ಮದಿಯಿಂದ ಎರಡು ಲೋಟ ಚಹಾ ಕುಡಿದರು.

ಸ್ಪರ್ಧೆ ಭಾನುವಾರ. ಅದರ ಹಿಂದಿನ ಶುಕ್ರವಾರ ಬಂದರಿನ ಹಮಾಲ ಭರಮಪ್ಪ ಚಲನ್ ಹಿಡಿದು ಅವರ ಮೇಜಿನೆದುರು ನಿಂತ. ಊರಂಚಿನ ಬಾಯ್ನಾ ಕೇರಿಯಲ್ಲಿ ಮನೆ ಬಿದ್ದ ಮೇಲೆ ಸಂಸಾರ ಸಮೇತ ಮಾಳಿಗೆಯ ಮೇಲಿನ ಬಾಡಿಗೆ ಕೋಣೆ ಸೇರಿದ್ದ. ಅವನ ಮಗಳು ನೀಲಾ ಕೂಡ ಸ್ಪರ್ಧಿ.

"ಸಾಹೇಬ್ರ, ನಿಮ್ಮ ಕಾಗದ ಬಂದಾಗಿಂದ ನನಗ ನಿದ್ದಿಲ್ರಿ. ಹುಡುಗಿ ಮುಂಜಾನೆದ್ದು ಧಡಾಧಡಾ ಶುರು ಮಾಡತೈತಿ. ಕೆಳಗಿನ ಮನಿಯಾಕಿ ಬಂದು, ಮ್ಯಾಲೆ ಏನು ಕುದುರಿ ಸಾಕೀರೇನು ಅಂತಾಳ್ರಿ!"

ಬಿಂದುಮಾಧವರು ನಕ್ಕರು.

"ನಿಮ್ಮ ಮನ್ಯಾಗೂ ಹಂಗ ಇರಬೇಕಲ್ರಿ? ನಿಮ್ಮ ಮಗಳು ಸಣ್ಣ ಬಾಯಾರು ಮೂರನೇ ಕಾಲ ಹೆಂಗ ಮಾಡಾಕತ್ತಾರ್ರಿ?"

ನಗು ಬಾಯಲ್ಲೇ ಒಣಗಿತು. ಮನೆಯಲ್ಲಿ ಧಡಾಧಡಾ ಕೇಳಿಯೇ ಇರಲಿಲ್ಲ. ಸುಮೇಧಾ ಕೃಷ್ಣ ಬೆಣ್ಣೆ ಕದಿಯುವ ಒಂದು ಸಣ್ಣ ಹಾಡಿಗೆ ಮೆತ್ತಗೆ ಕುಣಿಯುತ್ತಿದ್ದಳು. ಅಂದು ಅಂಚೆಗೆ ಹಾಕಿದ ಲಕೋಟೆ ಎಷ್ಟು? ಹನ್ನೊಂದು. ತಮ್ಮ ಮನೆಗೆ ತಾವೇ ಕಾಗದ ಹಾಕುವುದು ಯಾರಿಗಾದರೂ ಹೊಳೆಯುತ್ತದೆಯೇ? ಬಾಯಿ ಬಿಡುವುದಿಲ್ಲ ಎಂಬ ವ್ರತ ಬೇರೆ. ಹೀಗೆ ಸಂಹಿತೆಯ ಸುದ್ದಿ ತಿಳಿಯದ ಏಕೈಕ ಸ್ಪರ್ಧಿ ಸಂಹಿತಾಕಾರನ ಮನೆಯಲ್ಲೇ ಉಳಿದಿದ್ದಳು.

ಹೇಳಿದರೆ ಪಕ್ಷಪಾತ, ಹೇಳದಿದ್ದರೆ ಮಗಳು ಹೊರಗೆ. ಊಟದ ಡಬ್ಬಿಯನ್ನು ಮುಟ್ಟಲಿಲ್ಲ. ಮೂರು ಗಂಟೆಗೆ ಒಂದು ಮಹಾ ಉಪಾಯ ಹೊಳೆಯಿತು: ಹನ್ನೆರಡನೆಯ ಲಕೋಟೆಯ ಮೇಲೆ ತಮ್ಮದೇ ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ, ಅದೇ ಡಬ್ಬಿಗೆ ಹಾಕಿದರು. ಎಲ್ಲರಿಗೂ ಹೋದ ದಾರಿಯಲ್ಲೇ ಹೋದರೆ ಯಾರು ಬೆರಳು ತೋರಿಸುತ್ತಾರೆ?

ಶನಿವಾರ ಮುಂಜಾನೆಯಿಂದ ಗೇಟಿನ ಬಳಿ ನಿಂತರು. ಹನ್ನೊಂದೂವರೆಗೆ ಸೈಕಲ್ಲಿನ ಗಂಟೆ ಕೇಳಿತು, ಅಂಚೆಯವ ಕೈಬೀಸಿ ಮುಂದೆ ಹೋಗಿಬಿಟ್ಟ. ಬಿಂದುಮಾಧವರು ಅವನ ಹಿಂದೆ ಮೀನು ಮಾರುಕಟ್ಟೆಯ ತಿರುವಿನವರೆಗೆ ಓಡಿ, ಏದುಸಿರು ಬಿಡುತ್ತ ಬರಿಗೈಯಲ್ಲಿ ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೊಲೆ ಒಪ್ಪಿಕೊಳ್ಳುವವರಂತೆ ಎಲ್ಲವನ್ನೂ ಹೇಳಿದರು.

ಮಂದಾಕಿನಿ ಸೌಟು ಕೆಳಗಿಟ್ಟಳು. "ನಾ ಈ ವರ್ಷ ನಿಯಮಾನೇ ಇಲ್ಲೇನೋ ಅಂದ್ಕೊಂಡಿದ್ದೆ. ಹನ್ನೊಂದು ಮಕ್ಕಳಿಗೆ ಐದು ವಾರ, ನನ್ನ ಮಗಳಿಗೆ ಒಂದು ಮಧ್ಯಾಹ್ನ. ಭಾರಿ ನ್ಯಾಯಾಧೀಶರು ನೀವು!"

ಮಧ್ಯಾಹ್ನದಿಂದ ಸಂಜೆವರೆಗೆ ಮನೆ ದಡದಡಿಸಿತು. ಮೊದಲ ಕಾಲ ಬಂತು, ಎರಡನೆಯದೂ ಬಂತು. ಮೂರನೆಯದರಲ್ಲಿ ಪ್ರತಿ ಸಲವೂ ಸುಮೇಧಾಳ ಮಂಡಿ ನೆಟ್ಟಗಾಗುತ್ತಿತ್ತು.

ಭಾನುವಾರ ಹನ್ನೊಂದು ಮಕ್ಕಳು ತೇರ್ಗಡೆಯಾದರು. ನೀಲಾಳ ಪಾದ ಹಲಗೆಯ ವೇದಿಕೆಯನ್ನು ನಡುಗಿಸಿತು, ಮಂಡಿ ಒಂದಿಂಚು ಏಳಲಿಲ್ಲ. ಸುಮೇಧಾ ಮೂರನೇ ಕಾಲದ ನಾಲ್ಕನೇ ತಟ್ಟಿಗೆ ಎದ್ದುನಿಂತಳು. ಮಡಗಾಂವದಿಂದ ಬಂದ ತೀರ್ಪುಗಾರ್ತಿ ಪಟ್ಟಿಯಲ್ಲಿ ಗೆರೆ ಎಳೆದರು. ತೇರ್ಗಡೆಯಾದ ಹೆಸರುಗಳನ್ನು ಬಿಂದುಮಾಧವರೇ ಓದಬೇಕಾಯಿತು.

ಪವಮಾನಾಚಾರ್ಯರು ಮೈಕು ಕಸಿದುಕೊಂಡರು. "ನೋಡ್ರಿ! ಸ್ವಂತ ಮಗಳನ್ನೂ ಬಿಡಲಿಲ್ಲ! ಇದು ಖರೇ ನಿಷ್ಪಕ್ಷಪಾತ!"

ಸಭಾಂಗಣ ಚಪ್ಪಾಳೆ ತಟ್ಟಿತು. ಮೂರು ತಿಂಗಳಿಂದ ಬಿಂದುಮಾಧವರು ಬಯಸಿದ್ದು ಇದನ್ನೇ. ಈಗ ಅದು ಬೆನ್ನ ಮೇಲೆ ಏಟು ಬಿದ್ದಂತಾಯಿತು. ಮೈಕಿಗೆ ಬಾಯಿಟ್ಟು, "ನಿಷ್ಪಕ್ಷಪಾತ ಅಲ್ರಿ. ಆಕಿಗೆ ಕಾಗದ ಕಳಸಲಿಕ್ಕೇ ಮರತೆ. ನಿನ್ನೆ ಹೇಳೇನಿ" ಎಂದರು. ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತಿತು.

"ಹಂಗಾದ್ರ ಇನ್ನೊಮ್ಮೆ ಕುಣಸ್ರಿ ಕೂಸಿನ್ನ!" ಹಿಂದಿನ ಸಾಲಿನಿಂದ ಭರಮಪ್ಪ ಕೂಗಿದ.

"ಬ್ಯಾಡ್ರಿ. ಇವತ್ತಲ್ಲ, ನಾಳೆ ಕುಣಿಸಿದ್ರೂ ಆಕಿಗೆ ಬರಂಗಿಲ್ಲ" ಎಂದು ಅವರು ಕೆಳಗಿಳಿದರು.

ಸುಮೇಧಾ ಗೆಜ್ಜೆ ಬಿಚ್ಚದೆ ಮೆಟ್ಟಿಲಿನ ಹತ್ತಿರ ನಿಂತಿದ್ದಳು. "ಅಪ್ಪಾ, ನನಗ್ಯಾಕ ಮೊದಲ ಹೇಳಲಿಲ್ಲ? ಕಲೀತಿದ್ದೆನಲ್ಲ."

ಬಿಂದುಮಾಧವರು ಅವಳೆದುರು ಮಂಡಿಯೂರಿ ಕೂತರು. "ಮಂದಿಗೆ ಹೆದರಿದೆ, ಪುಟ್ಟಿ" ಎಂದರು.

ಅವಳು ಮೂಗೊರೆಸಿಕೊಂಡಳು. ಆಮೇಲೆ ಪಕ್ಕದಲ್ಲೇ ನಿಂತಿದ್ದ ನೀಲಾಳ ಕೈ ಹಿಡಿದೆಳೆದಳು. "ನೀ ಹೆಂಗ ಮಾಡ್ದಿ? ತೋರ್ಸು."

ಸಭಾಂಗಣದ ಹಿಂದಿನ ಸಿಮೆಂಟು ಕಟ್ಟೆಯ ಮೇಲೆ ಇಬ್ಬರೂ ಅರಮಂಡಿಯಲ್ಲಿ ಕೂತರು. "ಕಾಕಾ, ನೀವು ಚಪ್ಪಾಳಿ ಹಾಕ್ರಿ" ಎಂದಳು ನೀಲಾ. ಬಿಂದುಮಾಧವರು ತಟ್ಟತೊಡಗಿದರು. ಒಂದು ನಿಮಿಷವೂ ಆಗಿರಲಿಲ್ಲ, ಚಪ್ಪಾಳೆ ಓಡತೊಡಗಿತ್ತು.

"ಅಪ್ಪಾ, ಸಾವಕಾಶ!" ಎಂದು ಸುಮೇಧಾ ಗದರಿದಳು. "ಇದಿನ್ನೂ ಮೊದಲನೇ ಕಾಲ."