ಎಷ್ಟು ಬೆರಳು?

ಅವತ್ತು ಫುಟ್‌ಬಾಲ್ ಆಡಲು ಲಿಂಗಸುಗೂರಿಗೆ ಹೊರಟಾಗ, ಟೆಂಪೊ ಮಸ್ಕಿ ದಾಟುವ ಮೊದಲೇ ಪಂಕ್ಚರ್ ಆಗಬಹುದಿತ್ತು. ಮೈದಾನದಲ್ಲಿ ಜಾಲಿಮುಳ್ಳು ಇರಬಹುದಿತ್ತು; ನಮ್ಮಲ್ಲಿ ನಾಲ್ವರಿಗೆ ಬೂಟಿರಲಿಲ್ಲ. ಗೋಲ್‌ಕೀಪರ್ ಹಿಂದಿನ ದಿನ ಮದುವೆ ಊಟ ಹೊಡೆದಿದ್ದ. ಅವನ ಹೊಟ್ಟೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ನಾನು ನಮ್ಮ ಗೋಲಿಗೇ ಚೆಂಡು ಹೊಡೆಯಬಹುದಿತ್ತು. ಇದಂತೂ ಆಗಿಯೇ ತೀರುತ್ತದೆ ಎಂದುಕೊಂಡಿದ್ದೆ.

ಮೊನ್ನೆ ಹೆಂಡತಿ ನನ್ನ ಮೊಣಕಾಲಿಗೆಂದು ಸಾಸಿವೆ ಎಣ್ಣೆ ಬಿಸಿ ಮಾಡಿದಾಗ, ಆ ಘಾಟಿಗೆ ಇಷ್ಟೂ ನೆನಪಾಯಿತು. ಬಳಗಾನೂರಿನ ನಮ್ಮ ಮನೆಗಳಲ್ಲಿ ಆಗ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ. ಸಾಸಿವೆ ಎಣ್ಣೆಯ ವಾಸನೆ ಬಂತೆಂದರೆ ನಮ್ಮ ಕೋಚ್ ಬಂದರೆಂದೇ ಅರ್ಥ. ಎಡ ಮೊಣಕಾಲಿಗೆ ಅದನ್ನು ಬಳಿದುಕೊಂಡು, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ನಾವು ದಾದಾ ಎನ್ನುತ್ತಿದ್ದೆವು.

ಹರೆಯದಲ್ಲಿ ಕಲ್ಕತ್ತೆಗೆ ಹೋಗಿ, ಸಣ್ಣ ಕ್ಲಬ್ಬೊಂದಕ್ಕೆ ಒಂಬತ್ತು ವರ್ಷ ನಡುವಿನ ಆಟಗಾರರಾಗಿ ಆಡಿದ್ದರು. ಮೊಣಕಾಲು ಹೋದ ಮೇಲೆ ಕ್ಯಾಂಪಿಗೆ, ಅಪ್ಪನ ಗದ್ದೆಗೆ ವಾಪಸು. ಚಹಾದಂಗಡಿಯಲ್ಲಿ ಇದನ್ನು ಯಾರೂ ನಂಬುತ್ತಿರಲಿಲ್ಲ.

"ಎಷ್ಟು ಗೋಲ್ ಹೊಡದೀರಿ ದಾದಾ?"

"ಮೂರು."

"ಒಂಬತ್ತು ವರ್ಷಕ್ಕ ಮೂರಾ? ನಮ್ಮ ಎಮ್ಮಿ ಬಿಟ್ಟಿದ್ರೂ ನಾಕು ಹೊಡೀತಿತ್ತು ಬಿಡ್ರಿ!"

ದಾದಾ ತಾವೂ ನಗುತ್ತಿದ್ದರು. "ಹೊಡದಾಂವಗ ಚೆಂಡು ಕೊಟ್ಟಾಂವ ಯಾರು ಅಂತ ಯಾರೂ ಕೇಳಂಗಿಲ್ಲಪಾ…"

ಭತ್ತ ಕೊಯ್ದ ಮೇಲೆ, ಕಾಲುವೆಗೆ ಮತ್ತೆ ನೀರು ಬಿಡುವವರೆಗೆ, ಗದ್ದೆಯೇ ನಮ್ಮ ಮೈದಾನ. ಚೆಂಡು ನನ್ನ ಕಡೆ ಬರುತ್ತಿರುವಾಗ ದಾದಾ ಸದ್ದಿಲ್ಲದೆ ಬೆನ್ನ ಹಿಂದೆ ಬಂದು ಕೈ ಎತ್ತುತ್ತಿದ್ದರು. ಚೆಂಡು ಕಾಲಿಗೆ ತಾಕುವುದರೊಳಗೆ ಒಮ್ಮೆ ತಿರುಗಿ ನೋಡಿ, ಎಷ್ಟು ಬೆರಳೆಂದು ಕೂಗಿ ಹೇಳಬೇಕು. ತಪ್ಪಿದರೆ ಕೂಳೆ ಚುಚ್ಚಿಸಿಕೊಳ್ಳುತ್ತ ಗದ್ದೆ ಸುತ್ತ ಓಟ. ನಾನು ತಪ್ಪುತ್ತಿರಲಿಲ್ಲ; ಬೆನ್ನ ಹಿಂದೆ ಏನೋ ಕೆಡುತ್ತಿದೆ ಎಂಬ ಭಯ ನನಗೆ ಹುಟ್ಟಿನಿಂದಲೇ ಬಂದದ್ದು. "ಇಂಥ ಅಂಜುಬುರುಕನಽ ನಡುವ ಆಡಬೇಕು" ಎಂದು ನನ್ನನ್ನೇ ಕ್ಯಾಪ್ಟನ್ ಮಾಡಿದರು. ನನ್ನ ಹೆದರಿಕೆಗೆ ಈವರೆಗೆ ಸಿಕ್ಕ ಬಡ್ತಿ ಅದೊಂದೇ.

ಲಿಂಗಸುಗೂರಿನ ಶಾಲೆಯೊಂದಕ್ಕೆ ಕೋಚ್ ಬೇಕಾಗಿತ್ತು. ಅಲ್ಲಿನ ಹೆಡ್‌ಮಾಸ್ತರರು ನಮ್ಮ ಆಟ ನೋಡಲು ಬರುವವರಿದ್ದರು. ಟೆಂಪೊದಲ್ಲಿ ದಾದಾ ನನ್ನ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಹೇಳಿದರು: "ನಾನಽ ಹೇಳಿಕೊಂಡ್ರ ಚಂದ ಇರಂಗಿಲ್ಲ. ಯಾರು ಕಲಿಸ್ಯಾರ ಅಂತ ಕೇಳಿದ್ರ ನನ್ನ ಹೆಸರು ಹೇಳು. ಗದ್ದಿ ಕೆಲಸ ಈ ಕಾಲಿಗೆ ಇನ್ನ ಆಗಂಗಿಲ್ಲ."

ಟೆಂಪೊ ಕೆಡಲಿಲ್ಲ. ಮುಳ್ಳಿರಲಿಲ್ಲ. ಗೋಲ್‌ಕೀಪರನ ಹೊಟ್ಟೆಯೂ ಮರ್ಯಾದೆ ಉಳಿಸಿತು. ಕೊನೆಯ ಗಳಿಗೆಯಲ್ಲಿ ನಾನು ತಿರುಗಿ ನೋಡಿ, ಚೆಂಡು ತಡೆದು, ಗೋಲು ಹೊಡೆದೆ. ಅದೂ ಎದುರಿನವರ ಗೋಲಿಗೆ! ಯಾರ್‍ಯಾರೋ ನನ್ನನ್ನು ಎತ್ತಿ ಕುಣಿಸಿದರು. ಕೆಳಗಿಳಿಸಿದಾಗ ಮುಂದೆ ಹೆಡ್‌ಮಾಸ್ತರರು.

"ಭಾರಿ ಆಡಿದಿಪಾ. ಯಾರು ಕಲಿಸ್ಯಾರ?"

"ಯಾರೂ ಇಲ್ರೀ. ನಾನಽ ಕಲ್ತೀನಿ."

ಅದು ಹೇಗೆ ಬಾಯಿಗೆ ಬಂತೋ…

ವಾಪಸು ಬರುವಾಗ ದಾದಾ ಮುಂದೆ, ಡ್ರೈವರ್ ಪಕ್ಕ ಕೂತಿದ್ದರು. ಗೋಲ್‌ಕೀಪರ್ ನನ್ನ ಕಿವಿಯಲ್ಲಿ ಅಂದ: "ಲೇ, ನೀ ಮಾಸ್ತರ ಜೋಡಿ ಮಾತಾಡಾಕತ್ತಿದ್ದಾಗ ದಾದಾ ನಿನ್ನ ಬೆನ್ನಹಿಂದಽ ಇದ್ರು. ಕೈ ಎತ್ತಿದ್ರು. ನೋಡ್ಲಿಲ್ಲೇನು?"

"ಎಷ್ಟು ಬೆರಳು?"

"ನಾ ಏನು ಎಣಸ್ಕೊಂತ ನಿಂತಿದ್ನೇನು?"

ಕೆಲಸ ಬೇರೆ ಯಾರಿಗೋ ಹೋಯಿತು. ದಾದಾ ಮತ್ತೆ ನಮ್ಮೂರಿಗೆ ಬರಲಿಲ್ಲ. ಕೆಸರುಗದ್ದೆಯಲ್ಲಿ ಕಾಲೆಳೆಯುತ್ತ ಸಸಿ ನೆಡುತ್ತಾರೆಂದು ಕೇಳುತ್ತಿದ್ದೆ. ಕ್ಯಾಂಪು ದೂರವೇನಲ್ಲ. ತಪ್ಪಾಯಿತು ಎನ್ನಲು ಹೋದರೆ ಬೈದಾರು ಎಂದು ಹೆದರಿದೆ. ಬೈಯದೆ ಚಹಾ ಕೊಟ್ಟಾರು ಎಂದು ಇನ್ನೂ ಹೆಚ್ಚು ಹೆದರಿದೆ. ಹೀಗೆ ಹೆದರುತ್ತಲೇ ವರ್ಷಗಳು ಹೋದವು… ತೀರಿಕೊಂಡ ಸುದ್ದಿಯನ್ನು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು.

ಮೊನ್ನೆ ಎಣ್ಣೆಯ ಘಾಟು ಮೂಗಿಗೆ ಬಡಿದೊಡನೆ ನನ್ನ ಕತ್ತು ತಾನಾಗಿ ಹಿಂದಕ್ಕೆ ಹೊರಳಿತು.

"ಯಾರು ಬಂದ್ರು?" ಎಂದಳು ಹೆಂಡತಿ.

ಗೋಡೆ ಇತ್ತು. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು.

ಕೆಡಬಹುದು ಎಂದುಕೊಂಡಿದ್ದ ಯಾವುದೂ ಅವತ್ತು ಕೆಡಲಿಲ್ಲ. ಒಂದು ಸಲ ತಿರುಗಿ ನೋಡಲಿಲ್ಲ, ಅಷ್ಟೆ.